ಕರುಳಿನ ಕ್ಯಾನ್ಸರ್: ರಕ್ತ ಕಾಣುವ ಎಷ್ಟೋ ವರ್ಷ ಮೊದಲೇ ಶುರುವಾಗುವ ಕಾಯಿಲೆ

(ನಮ್ಮ ಆರೋಗ್ಯ ಪಾಡ್‌ಕಾಸ್ಟ್‌ನಲ್ಲಿ ದಾವಣಗೆರೆಯ ಪೆಥಾಲಜಿ ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹರೂಪ ಇದು. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ನಾನು ಪೆಥಾಲಜಿ ಡಾಕ್ಟರು. ರೋಗಿಯ ಎದುರು ಕೂತು ಔಷಧ ಬರೆದುಕೊಡೋದು ನನ್ನ ಕೆಲಸವಲ್ಲ. ದೇಹದಿಂದ ತೆಗೆದ ಚಿಕ್ಕ ಚೂರನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಇಂಥ ಕಾಯಿಲೆ ಅಂತ ರಿಪೋರ್ಟ್ ಬರೆಯೋದು ನನ್ನ ಕೆಲಸ. ರೋಗಿಯ ಮುಖ ನಾನು ನೋಡಿರಲ್ಲ. ಬಾಟಲಿ ಮೇಲೆ ಅಂಟಿಸಿದ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಇರುತ್ತೆ, ಅಷ್ಟೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನ ಊರುಗಳ ಹೆಸರು ಆ ಚೀಟಿಗಳಲ್ಲಿ ಓದಿ ಓದಿ ನನಗೆ ಬಾಯಿಪಾಠ ಆಗಿಬಿಟ್ಟಿವೆ.

ರಿಪೋರ್ಟ್ ತಗೊಂಡು ಹೋಗೋಕೆ ಮನೆಯವರು ಬರ್ತಾರೆ. ಅದರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಇದ್ದಾಗ, ಬಂದವರು ಮಗ ಆಗಿರಲಿ, ಸೊಸೆ ಆಗಿರಲಿ, ಹೆಚ್ಚುಕಡಿಮೆ ಮೂರೇ ಪ್ರಶ್ನೆ ಕೇಳ್ತಾರೆ. ‘ಮೇಡಂ, ಹೋದ ಯುಗಾದಿಗೆ ಚೆನ್ನಾಗೇ ಇದ್ರಲ್ಲ, ಇದು ಯಾವಾಗ ಬಂತು?’ ಅನ್ನೋದು ಮೊದಲನೇದು. ‘ಬೀಡಿ ಇಲ್ಲ, ಕುಡಿತ ಇಲ್ಲ, ಯಾಕೆ ಬಂತು?’ ಅನ್ನೋದು ಎರಡನೇದು. ‘ಇನ್ನೇನು ಮಾಡೋದು?’ ಅನ್ನೋದು ಮೂರನೇದು. ಲ್ಯಾಬಿನ ಕಿಟಕಿಯಲ್ಲಿ ನಿಂತು ಎರಡು ನಿಮಿಷದಲ್ಲಿ ಉತ್ತರ ಹೇಳೋಕಾಗಲ್ಲ. ಇವತ್ತು ಸಮಯ ಇದೆ. ಹಾಗಾಗಿ ಮೂರಕ್ಕೂ ನಿಧಾನಕ್ಕೆ ಉತ್ತರ ಹೇಳ್ತೀನಿ.

ಕರುಳಿನ ಒಳಗೋಡೆ ಹೇಗಿದೆ?

ದೊಡ್ಡ ಕರುಳಿನ ಒಳಗೋಡೆ ಬರಿಗಣ್ಣಿಗೆ ನುಣುಪಾಗಿ ಕಾಣುತ್ತೆ. ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಬೇರೆಯೇ. ಅಡಿಕೆ ಸಸಿ ಇಡೋಕೆ ಮೊದಲು ತೋಟದಲ್ಲಿ ಸಾಲಾಗಿ ಗುಂಡಿ ತೆಗೆದಿರ್ತಾರಲ್ಲ, ಚನ್ನಗಿರಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ, ಹಾಗೆ ಗೋಡೆ ತುಂಬ ಪುಟ್ಟ ಪುಟ್ಟ ಗುಂಡಿಗಳು. ಒಬ್ಬ ಮನುಷ್ಯನ ದೊಡ್ಡ ಕರುಳಿನಲ್ಲಿ ಇಂಥ ಗುಂಡಿಗಳು ಸುಮಾರು ಒಂದು ಕೋಟಿಗೂ ಹೆಚ್ಚು. ಒಂದೊಂದು ಗುಂಡಿಯ ಗೋಡೆಯಲ್ಲಿ ಸುಮಾರು 2,000 ಜೀವಕೋಶಗಳು.

ಈ ಜೀವಕೋಶಗಳು ಹುಟ್ಟೋದು ಗುಂಡಿಯ ತಳದಲ್ಲಿ. ಅಲ್ಲಿಂದ ಒಂದರ ಹಿಂದೆ ಒಂದು ಮೇಲೇರುತ್ತಾ ಬರ್ತವೆ. ಮೇಲೆ ಬಂದ ಮೇಲೆ ಉದುರಿ ಮಲದ ಜೊತೆ ಹೊರಗೆ ಹೋಗ್ತವೆ. ಈ ಪ್ರಯಾಣಕ್ಕೆ ಹಿಡಿಯೋದು ಬರೀ ನಾಲ್ಕೈದು ದಿನ. ಅಂದ್ರೆ ಇವತ್ತು ನಿಮ್ಮ ಕರುಳಿನ ಒಳಪದರದಲ್ಲಿರೋ ಬಹುಪಾಲು ಜೀವಕೋಶಗಳು ಮುಂದಿನ ವಾರದ ಸಂತೆ ಹೊತ್ತಿಗೆ ಇರಲ್ಲ. ದೇಹದಲ್ಲಿ ಇಷ್ಟು ವೇಗವಾಗಿ ಬದಲಾಗೋ ಜಾಗ ಬಹಳ ಕಡಿಮೆ.

ಯಾವಾಗಲೂ ಉಳಿಯೋದು ತಳದಲ್ಲಿರೋ ಕೆಲವೇ ಕಾಂಡಕೋಶಗಳು, ಸ್ಟೆಮ್ ಸೆಲ್ ಅಂತೀವಲ್ಲ, ಅವು. ಹೊಸ ಕೋಶಗಳನ್ನು ಹುಟ್ಟಿಸೋ ತಾಯಿಕೋಶಗಳು ಇವೇ. ಇವನ್ನು ಗುರುತಿಸೋ ಗುರುತು ಸಿಕ್ಕಿದ್ದು 2007ರಲ್ಲಿ, ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಮತ್ತು ನಿಕ್ ಬಾರ್ಕರ್ ಅವರ ತಂಡಕ್ಕೆ.

ಈ ಏರ್ಪಾಡಿನಲ್ಲಿ ಒಂದು ರಕ್ಷಣೆ ಇದೆ. ಅದನ್ನ 1975ರಲ್ಲೇ ಜಾನ್ ಕೇರ್ನ್ಸ್ ಅನ್ನೋ ವಿಜ್ಞಾನಿ ಗಮನಿಸಿ ಬರೆದರು. ಮೇಲೇರುತ್ತಿರೋ ಜೀವಕೋಶ ಒಂದು ಕೆಟ್ಟರೂ ಚಿಂತೆಯಿಲ್ಲ, ಅದು ನಾಲ್ಕು ದಿನಕ್ಕೆ ಉದುರಿಹೋಗುತ್ತೆ. ಕೆಟ್ಟದ್ದು ಉಳಿಯಬೇಕು ಅಂದ್ರೆ ಅದು ತಳದ ಆ ಕೆಲವೇ ತಾಯಿಕೋಶಗಳಲ್ಲೇ ಆಗಬೇಕು.

ತಳದಲ್ಲಿ ನಡೆಯೋ ಪೈಪೋಟಿ

ಹಾಗಾದ್ರೆ ತಳದಲ್ಲಿ ಏನಾಗುತ್ತೆ? ಅಲ್ಲಿ ಜಾಗ ಕಡಿಮೆ. ಒಂದು ತಾಯಿಕೋಶ ಎರಡಾದ್ರೆ ಪಕ್ಕದ್ದು ಒಂದು ಮೇಲಕ್ಕೆ ಜಾರುತ್ತೆ, ಅದರ ವಂಶ ಅಲ್ಲಿಗೆ ಮುಗೀತು. ಯಾವುದು ಉಳಿಯುತ್ತೆ, ಯಾವುದು ಜಾರುತ್ತೆ ಅನ್ನೋದು ಸಾಮಾನ್ಯವಾಗಿ ಚೀಟಿ ಎತ್ತಿದ ಹಾಗೆ. 2010ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಒಂದೊಂದು ತಾಯಿಕೋಶಕ್ಕೂ ಒಂದೊಂದು ಬಣ್ಣ ಬರೋ ಹಾಗೆ ಮಾಡಿ ನೋಡಿದ್ರು. ಮೊದಲು ಒಂದೇ ಗುಂಡಿಯಲ್ಲಿ ನಾಲ್ಕಾರು ಬಣ್ಣ ಇತ್ತು. ಕೆಲವು ತಿಂಗಳಲ್ಲಿ ಗುಂಡಿಗೊಂದೇ ಬಣ್ಣ ಉಳೀತು. ಅಂದ್ರೆ ಇಡೀ ಗುಂಡಿ ಒಂದೇ ತಾಯಿಯ ಸಂತಾನವಾಯಿತು. ಮನುಷ್ಯರಲ್ಲೂ ಇದೇ ಆಗುತ್ತೆ, ಆದರೆ ವರ್ಷಗಟ್ಟಲೆ ನಿಧಾನವಾಗಿ.

ಈಗ ಇದಕ್ಕೆ ಇನ್ನೊಂದು ವಿಷಯ ಸೇರಿಸಿ. ಜೀವಕೋಶ ಎರಡಾಗುವಾಗ ಅದರೊಳಗಿನ ಡಿಎನ್‌ಎ ನಕಲಾಗಬೇಕು. 300 ಕೋಟಿ ಅಕ್ಷರಗಳ ಪುಸ್ತಕವನ್ನು ಕೈಯಲ್ಲಿ ನಕಲು ಮಾಡಿದ ಹಾಗೆ. ತಪ್ಪು ಆಗೇ ಆಗುತ್ತೆ. ಹೆಚ್ಚಿನವನ್ನು ಜೀವಕೋಶವೇ ತಿದ್ದಿಕೊಳ್ಳುತ್ತೆ, ಕೆಲವು ಉಳಿದುಬಿಡ್ತವೆ. ಇದನ್ನೇ ಮ್ಯುಟೇಶನ್ ಅನ್ನೋದು. ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯವರು 42 ಜನರ ಕರುಳಿನಿಂದ 2,000ಕ್ಕೂ ಹೆಚ್ಚು ಗುಂಡಿಗಳನ್ನು ಒಂದೊಂದಾಗಿ ಬಿಡಿಸಿ ಡಿಎನ್‌ಎ ಓದಿದ್ರು. 2019ರಲ್ಲಿ ಅದು ಪ್ರಕಟವಾಯಿತು. ಲೆಕ್ಕ ಹಾಕಿದಾಗ ಒಂದು ತಾಯಿಕೋಶದಲ್ಲಿ ವರ್ಷಕ್ಕೆ ಸುಮಾರು 40 ಹೊಸ ತಪ್ಪುಗಳು ಸೇರುತ್ತಾ ಹೋಗ್ತವೆ. ಹೀಗೆ ಹೋದ್ರೆ 50 ವರ್ಷ ತುಂಬೋ ಹೊತ್ತಿಗೆ ಪ್ರತಿ ತಾಯಿಕೋಶದಲ್ಲೂ ಸುಮಾರು 2,000 ತಪ್ಪು. ನನಗೂ, ನಿಮಗೂ, ಆರೋಗ್ಯವಾಗಿರೋ ಎಲ್ಲರಿಗೂ. ಅವುಗಳಲ್ಲಿ ಹೆಚ್ಚಿನವು ಏನೂ ಮಾಡಲ್ಲ.

ಅದೇ ಅಧ್ಯಯನದಲ್ಲಿ ಇನ್ನೊಂದು ಗೊತ್ತಾಯಿತು. ನಡುವಯಸ್ಸಿನವರ ಆರೋಗ್ಯವಂತ ಕರುಳಿನಲ್ಲೇ ಸುಮಾರು 100 ಗುಂಡಿಯಲ್ಲಿ ಒಂದರಲ್ಲಿ, ಕ್ಯಾನ್ಸರ್‌ಗೆ ದಾರಿ ಮಾಡಿಕೊಡಬಲ್ಲ ಮ್ಯುಟೇಶನ್ ಇತ್ತು. ಕೋಟಿಯಲ್ಲಿ ನೂರಕ್ಕೆ ಒಂದು ಅಂದ್ರೆ ಒಂದು ಲಕ್ಷ ಗುಂಡಿ. ಆದರೂ ಕರುಳಿನ ಕ್ಯಾನ್ಸರ್ ಹೆಚ್ಚಾಗಿರೋ ಪಾಶ್ಚಾತ್ಯ ದೇಶಗಳಲ್ಲೂ ಜೀವಮಾನದಲ್ಲಿ ಈ ಕಾಯಿಲೆ ಬರೋದು 20–25 ಜನರಲ್ಲಿ ಒಬ್ಬರಿಗೆ. ಉಳಿದವರಲ್ಲಿ ಕೆಟ್ಟ ಗುಂಡಿಗಳು ಇದ್ದಲ್ಲೇ ಇದ್ದು, ಏನೂ ಆಗದೆ ಜೀವನ ಮುಗಿದುಹೋಗುತ್ತೆ. ಇದನ್ನ ಕೇಳಿ ಹೆದರಬೇಡಿ. ನಮ್ಮ ದೇಹ ಎಷ್ಟು ಕಾವಲು ಕಾಯುತ್ತೆ ಅನ್ನೋದನ್ನ ನೋಡಿ.

ಕಾಲುವೆಗೆ ಅಡ್ಡ ಕಟ್ಟಿದ ಹಾಗೆ

ಕಾವಲು ತಪ್ಪೋದು ಹೇಗೆ? ದೊಡ್ಡ ಕರುಳಿನ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ಮೊದಲು ಕೆಡೋದು ಎಪಿಸಿ ಅನ್ನೋ ಜೀನ್. 1991ರಲ್ಲಿ ಇದನ್ನ ಗುರುತಿಸಿದ್ರು. ಇದೊಂದು ಬ್ರೇಕ್. ಪ್ರತಿ ಕೋಶದಲ್ಲಿ ಅಪ್ಪನಿಂದ ಬಂದದ್ದು ಒಂದು, ಅಮ್ಮನಿಂದ ಬಂದದ್ದು ಒಂದು, ಹೀಗೆ ಎರಡು ಪ್ರತಿ ಇರ್ತವೆ. ಎರಡೂ ಕೆಟ್ಟಾಗ ಬ್ರೇಕ್ ಹೋಗುತ್ತೆ.

ಗುಂಡಿಯ ತಳದಲ್ಲಿ ತಾಯಿಕೋಶಗಳು ತಾಯಿಕೋಶಗಳಾಗೇ ಉಳಿಯೋಕೆ ಸುತ್ತಲಿಂದ ಒಂದು ಸಂದೇಶ ಬರ್ತಾ ಇರಬೇಕು. ವಿಂಟ್ ಅಂತ ಅದರ ಹೆಸರು. ಅದನ್ನ ಭದ್ರಾ ಕಾಲುವೆ ನೀರು ಅಂದುಕೊಳ್ಳಿ. ನೀರು ಬಂದರೆ ಬೆಳೆ, ಇಲ್ಲದಿದ್ರೆ ಇಲ್ಲ. ಎಪಿಸಿ ಕೆಟ್ಟ ಕೋಶಕ್ಕೆ ಈ ನೀರು ಬೇಕಾಗೇ ಇಲ್ಲ, ಅದಕ್ಕೆ ಸ್ವಂತ ಬೋರ್‌ವೆಲ್ ಸಿಕ್ಕಿದ ಹಾಗೆ. 2021ರಲ್ಲಿ ಇಲಿಗಳಲ್ಲಿ ಕಂಡುಕೊಂಡದ್ದು ಇನ್ನೂ ಒಂದು ಹೆಜ್ಜೆ ಮುಂದೆ. ಈ ಕೆಟ್ಟ ಕೋಶ ಸುಮ್ಮನಿರಲ್ಲ. ಪಕ್ಕದ ಕೋಶಗಳಿಗೆ ವಿಂಟ್ ಸಂದೇಶ ಮುಟ್ಟದ ಹಾಗೆ ಮಾಡೋ ಪದಾರ್ಥ ಒಂದನ್ನು ಅದೇ ಹೊರಗೆ ಬಿಡುತ್ತೆ. ತನಗೆ ಬೋರ್‌ವೆಲ್ ಇದೆ ಅಂತ ಕಾಲುವೆಗೆ ಅಡ್ಡ ಕಟ್ಟಿ ಕೊನೆ ಭಾಗದ ರೈತರಿಗೆ ನೀರು ಹೋಗದ ಹಾಗೆ ಮಾಡಿದಂತೆ. ಪಕ್ಕದವು ಒಣಗಿ ಜಾಗ ಬಿಡ್ತವೆ, ಇದು ಹರಡುತ್ತೆ. ಚೀಟಿ ಎತ್ತೋ ಆಟ ಅಲ್ಲಿಗೆ ಮುಗೀತು. ಈಗ ಒಬ್ಬರ ಕಡೆಗೇ ವಾಲಿದ ಆಟ.

ಇಷ್ಟಾದ್ರೂ ಇದು ಕ್ಯಾನ್ಸರ್ ಅಲ್ಲ. ಇದು ಬೆಳೆದು ಒಂದು ಪುಟ್ಟ ಗಂಟಾಗುತ್ತೆ, ಪಾಲಿಪ್ ಅಂತೀವಿ. ಪಾಲಿಪ್‌ನಲ್ಲಿ ಮತ್ತೊಂದು ಜೀನ್, ಕೆರಾಸ್, ಕೆಟ್ಟರೆ ಅದು ದೊಡ್ಡದಾಗುತ್ತೆ. ಆಮೇಲೆ ಪಿ53 ಅನ್ನೋ ಕಾವಲುಗಾರ ಜೀನ್ ಕೆಟ್ಟರೆ ಗೋಡೆ ದಾಟಿ ಒಳಗೆ ನುಗ್ಗುತ್ತೆ. ಆಗ ಅದು ಕ್ಯಾನ್ಸರ್. ಈ ಮೆಟ್ಟಿಲುಗಳ ಚಿತ್ರವನ್ನು 1990ರಲ್ಲಿ ಅಮೆರಿಕದ ಎರಿಕ್ ಫಿಯರಾನ್ ಮತ್ತು ಬರ್ಟ್ ವೋಗೆಲ್‌ಸ್ಟೈನ್ ಕೊಟ್ಟರು. ಪ್ರತಿ ಮೆಟ್ಟಿಲಿಗೂ ವರ್ಷಗಳು ಬೇಕು. ಪಾಲಿಪ್‌ನಿಂದ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕಿಂತ ಹೆಚ್ಚು. ಹೆಚ್ಚಿನ ಪಾಲಿಪ್‌ಗಳು ಆ ಕೊನೇ ಮೆಟ್ಟಿಲು ಹತ್ತೋದೇ ಇಲ್ಲ.

ಮೊದಲನೇ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ತು. ಯಾವಾಗ ಬಂತು ಅಂದ್ರೆ, ರಕ್ತ ಕಂಡಾಗ ಬಂದದ್ದಲ್ಲ. ಹೊನ್ನಾಳಿಯ 55 ವರ್ಷದ ಯಜಮಾನರೊಬ್ಬರಿಗೆ ಇವತ್ತು ಕ್ಯಾನ್ಸರ್ ಅಂತ ಬರೆದರೆ, ಅದರ ಮೊದಲ ಗಂಟು ಅವರಿಗೆ 40–45 ವರ್ಷ ಇದ್ದಾಗಲೇ ಇದ್ದಿರಬಹುದು. ನ್ಯಾಮತಿ ಹೊಸ ತಾಲ್ಲೂಕಾಗಿ ಹೊನ್ನಾಳಿಯಿಂದ ಬೇರೆಯಾಗೋದಕ್ಕೂ ಮೊದಲು! ಅಷ್ಟು ವರ್ಷ ಅದು ಕೈಗೆ ಸಿಗೋ ಹಾಗೆ ಅಲ್ಲೇ ಕೂತಿತ್ತು. ಇವತ್ತಿನ ಮಾತಿನಲ್ಲಿ ನೀವು ಒಂದೇ ವಿಷಯ ನೆನಪಿಟ್ಟುಕೊಳ್ಳೋದಾದ್ರೆ ಇದನ್ನ ಇಟ್ಟುಕೊಳ್ಳಿ. ಈ ಕಾಯಿಲೆ ನಮಗೆ ಬಹಳ ಸಮಯ ಕೊಡುತ್ತೆ.

ಯಾಕೆ ಬಂತು?

ಎರಡನೇ ಪ್ರಶ್ನೆ. ಇದಕ್ಕೆ ಒಂದೇ ಕಾರಣ ಹುಡುಕೋಕೆ ಹೋಗಬೇಡಿ. ವಯಸ್ಸೇ ದೊಡ್ಡ ಕಾರಣ, ಯಾಕೆ ಅಂತ ಈಗ ನಿಮಗೆ ಗೊತ್ತಾಗಿದೆ, ವರ್ಷಕ್ಕೆ 40 ತಪ್ಪು ಸೇರುತ್ತಾ ಹೋಗುತ್ತೆ. ಮದ್ಯ, ತಂಬಾಕು, ಬೊಜ್ಜು, ಕೂತಲ್ಲೇ ಕೂರೋದು, ಇವು ಅಪಾಯ ಹೆಚ್ಚಿಸ್ತವೆ. ಸಂಸ್ಕರಿಸಿದ ಮಾಂಸ, ಅಂದ್ರೆ ಸಾಸೇಜ್, ಬೇಕನ್ ಥರದ್ದು, ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿತು. ನಾರಿನಂಶ ಜಾಸ್ತಿ ಇರೋ ಊಟ ಒಳ್ಳೇದು. ಜಗಳೂರು ಕಡೆಯ ಜೋಳದ ರೊಟ್ಟಿ, ರಾಗಿ ಮುದ್ದೆ, ಕಾಳು, ಸೊಪ್ಪು, ಇವನ್ನೆಲ್ಲ ಬಿಟ್ಟು ಮೈದಾ ಕಡೆ ಹೋಗೋ ಅವಸರ ಬೇಡ.

ಚನ್ನಗಿರಿಯವರು ತಪ್ಪದೇ ಕೇಳೋ ಪ್ರಶ್ನೆ ಒಂದಿದೆ: ‘ಅಡಿಕೆಯಿಂದಾನಾ ಮೇಡಂ?’ ನೇರವಾಗಿ ಹೇಳ್ತೀನಿ. ಅಡಿಕೆ ಜಗಿಯೋದು ಕ್ಯಾನ್ಸರ್‌ಕಾರಕ ಅಂತ ಅದೇ ಸಂಸ್ಥೆ 2004ರಲ್ಲಿ ವರದಿ ಪ್ರಕಟಿಸಿದೆ. ಅದು ಮುಖ್ಯವಾಗಿ ಬಾಯಿ ಕ್ಯಾನ್ಸರ್ ವಿಷಯದಲ್ಲಿ. ತಂಬಾಕು ಸೇರಿದ್ರೆ ಗಂಟಲು, ಅನ್ನನಾಳಕ್ಕೂ. ಆ ಪಟ್ಟಿಯಲ್ಲಿ ದೊಡ್ಡ ಕರುಳು ಇಲ್ಲ. ಹಾಗಂತ ಜಗಿಯೋರಿಗೆ ಇದು ಸಮಾಧಾನದ ಮಾತಲ್ಲ. ಕರುಳು ತಪ್ಪಿಸಿಕೊಂಡ್ರೂ ಬಾಯಿ ತಪ್ಪಿಸಿಕೊಳ್ಳಲ್ಲ.

ಇನ್ನು ಮನೆತನ. ನೂರು ರೋಗಿಗಳಲ್ಲಿ ಕೆಲವರಿಗೆ ಕೆಟ್ಟ ಜೀನ್ ಹುಟ್ಟಿನಿಂದಲೇ ಬಂದಿರುತ್ತೆ. ಲಿಂಚ್ ಸಿಂಡ್ರೋಮ್ ಅಂತ ಒಂದಿದೆ. ಅದರಲ್ಲಿ ನಕಲಿನ ತಪ್ಪನ್ನು ತಿದ್ದೋ ವ್ಯವಸ್ಥೆಯೇ ಕೆಟ್ಟಿರುತ್ತೆ. ಒಂದೇ ಮನೆಯಲ್ಲಿ ಅಪ್ಪನಿಗೆ ಕರುಳು, ಅತ್ತೆಗೆ ಗರ್ಭಕೋಶ, ಅಣ್ಣನಿಗೆ ಮತ್ತೆ ಕರುಳು, ಹೀಗೆ 50 ವರ್ಷದೊಳಗೇ ಬರ್ತಾ ಇದ್ರೆ ಅದನ್ನ ಶಾಪ, ಮಾಟ ಅಂತ ತಿಳಿಯದೆ ಡಾಕ್ಟರಿಗೆ ಹೇಳಿ.

ವಯಸ್ಸಾದವರ ಕಾಯಿಲೆ ಅಂದ್ರೆ 35 ವರ್ಷದವರಿಗೂ ಬರ್ತಿದೆಯಲ್ಲ ಅಂತ ನೀವು ಕೇಳಬಹುದು. ನಿಜ. ನಮ್ಮ ದೇಶದಲ್ಲಿ ಈ ಕಾಯಿಲೆಯ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಕಡಿಮೆ, ಆದರೆ ಆಸ್ಪತ್ರೆಗೆ ಬರೋ ರೋಗಿಗಳಲ್ಲಿ ಚಿಕ್ಕ ವಯಸ್ಸಿನವರ ಪಾಲು ಜಾಸ್ತಿ. ನಮ್ಮ ಜನಸಂಖ್ಯೆಯಲ್ಲೇ ಯುವಕರು ಹೆಚ್ಚು ಅನ್ನೋದು ಇದಕ್ಕೆ ಒಂದು ಕಾರಣ. ಅದಷ್ಟೇ ಅಲ್ಲ. ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯ ಸಂಶೋಧಕರು ನಮ್ಮ ದೇಶದ ಕಡಿಮೆ ವಯಸ್ಸಿನ ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿದಾಗ, ನಾನು ಹೇಳಿದ ವಿಂಟ್ ದಾರಿ ಹಿಡಿಯದ ಗಡ್ಡೆಗಳು ಸಾಕಷ್ಟು ಸಿಕ್ಕವು. ಅಂದ್ರೆ ಮೆಟ್ಟಿಲು ಒಂದೇ ಅಲ್ಲ, ಬೇರೆ ಏಣಿಯೂ ಇದೆ. 2025ರಲ್ಲಿ 11 ದೇಶಗಳ 981 ರೋಗಿಗಳ ಗಡ್ಡೆಗಳ ಡಿಎನ್‌ಎ ಓದಿದ ಅಧ್ಯಯನ ಪ್ರಕಟವಾಯಿತು. ಕರುಳಿನಲ್ಲಿರೋ ಕೆಲವು ಇ. ಕೋಲಿ ಬ್ಯಾಕ್ಟೀರಿಯಾಗಳು ಕೋಲಿಬ್ಯಾಕ್ಟಿನ್ ಅನ್ನೋ ವಿಷ ಬಿಡ್ತವೆ. ಅದು ಡಿಎನ್‌ಎ ಮೇಲೆ ತನ್ನದೇ ಗುರುತು ಬಿಟ್ಟುಹೋಗುತ್ತೆ. 70 ದಾಟಿದವರಿಗಿಂತ 40ರೊಳಗಿನವರ ಗಡ್ಡೆಗಳಲ್ಲಿ ಆ ಗುರುತು ಮೂರು ಪಟ್ಟಿಗೂ ಹೆಚ್ಚು ಇತ್ತು. ಅದೂ ಬಾಲ್ಯದಲ್ಲೇ ಬಿದ್ದ ಗುರುತು ಇರಬಹುದು ಅಂತ ಆ ವಿಜ್ಞಾನಿಗಳ ಅಂದಾಜು. ಹಾಗಾಗಿ ‘ಇವನಿಗೆ ಇನ್ನೂ 35, ಕ್ಯಾನ್ಸರ್ ಬರೋ ವಯಸ್ಸಾ ಇದು’ ಅನ್ನೋ ಮಾತು ಬಿಟ್ಟುಬಿಡಬೇಕು.

ಮೆಕ್ಕೆಜೋಳದ ಹುಳು ಕಲಿಸಿದ ಪಾಠ

ಚಿಕಿತ್ಸೆ ವಿಷಯಕ್ಕೆ ಹೋಗೋ ಮೊದಲು ಹುಳುವಿನ ಕಥೆ ಒಂದು ಹೇಳ್ತೀನಿ. 2018ರ ಮೇ ತಿಂಗಳಲ್ಲಿ ಫಾಲ್ ಆರ್ಮಿವರ್ಮ್ ಅನ್ನೋ ಸೈನಿಕ ಹುಳು ಭಾರತದಲ್ಲೇ ಮೊದಲ ಸಲ ಪತ್ತೆಯಾಗಿದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಆಮೇಲೆ ನಮ್ಮ ಕಡೆ ಮೆಕ್ಕೆಜೋಳ ಹಾಕಿದವರಿಗೆ ಅದರ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಒಂದೇ ಔಷಧ ಹೊಡೀತಾ ಹೋದ್ರೆ ಏನಾಗುತ್ತೆ? ಮೊದಲ ಸಲ ಹೆಚ್ಚಿನವು ಸಾಯ್ತವೆ. ಸಾವಿರದಲ್ಲಿ ನಾಲ್ಕು ಹುಳುಕ್ಕೆ ಆ ಔಷಧ ನಾಟಲ್ಲ. ಉಳಿದ ಆ ನಾಲ್ಕರ ಸಂತಾನವೇ ಮುಂದಿನ ಬೆಳೆಗೆ ಬರುತ್ತೆ. ಔಷಧ ಹುಳುವನ್ನು ಗಟ್ಟಿ ಮಾಡಲಿಲ್ಲ, ಮೊದಲೇ ಗಟ್ಟಿಯಿದ್ದ ಹುಳುವನ್ನು ಆರಿಸಿಕೊಟ್ಟಿತು. ಡಾರ್ವಿನ್ ಹೇಳಿದ ವಿಕಾಸ ಅಂದ್ರೆ ಇದೇ. ಬೇರೆ ಬೇರೆ ಥರದವು ಇರಬೇಕು, ಪೈಪೋಟಿ ಇರಬೇಕು, ಉಳಿದದ್ದರ ವಂಶ ಬೆಳೀಬೇಕು.

ಗಡ್ಡೆಯೊಳಗೂ ಇದೇ ನಡೆಯುತ್ತೆ ಅಂತ 1976ರಲ್ಲಿ ಪೀಟರ್ ನೋವೆಲ್ ಅನ್ನೋ ವಿಜ್ಞಾನಿ ಬರೆದರು. ನೋವೆಲ್ ಕೂಡ ನನ್ನ ಥರ ಪೆಥಾಲಜಿಯವರೇ ಅನ್ನೋದು ನನಗೆ ಖುಷಿ. ಒಂದು ಗಡ್ಡೆ ಅಂದ್ರೆ ಒಂದೇ ಥರದ ಕೋಶಗಳ ಉಂಡೆಯಲ್ಲ. ಒಂದೇ ಅಜ್ಜಿಯಿಂದ ಹುಟ್ಟಿದ ಬೇರೆ ಬೇರೆ ಕವಲುಗಳು ಅದರೊಳಗೆ ಇರ್ತವೆ.

ಇದಕ್ಕೆ ಸಾಕ್ಷಿ ಚಿಕಿತ್ಸೆಯಲ್ಲೇ ಸಿಗುತ್ತೆ. ಹರಡಿದ ಕರುಳಿನ ಕ್ಯಾನ್ಸರ್‌ಗೆ ಸೆಟುಕ್ಸಿಮ್ಯಾಬ್ ಥರದ ಔಷಧಗಳಿವೆ. ಕೆರಾಸ್ ಜೀನ್ ಕೆಟ್ಟಿದ್ರೆ ಇವು ಕೆಲಸ ಮಾಡಲ್ಲ. ಅದಕ್ಕೇ ನಿಮ್ಮ ಡಾಕ್ಟರು ಬಯಾಪ್ಸಿ ಚೂರನ್ನು ಇನ್ನೊಂದು ಪರೀಕ್ಷೆಗೆ ಕಳಿಸೋಣ ಅನ್ನೋದು. ಮತ್ತೆ ದುಡ್ಡು ಕೀಳೋಕೆ ಅಂತ ತಿಳೀಬೇಡಿ. ಕೆರಾಸ್ ಚೆನ್ನಾಗಿರೋ ರೋಗಿಗಳಿಗೆ ಔಷಧ ಕೊಟ್ಟರೆ ಗಡ್ಡೆ ಕರಗುತ್ತೆ, ಆದರೆ ಎಷ್ಟೋ ಜನರಲ್ಲಿ ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತೆ. 2012ರಲ್ಲಿ ಇಂಥ ರೋಗಿಗಳ ರಕ್ತ ಪರೀಕ್ಷಿಸಿದಾಗ, ಹೊಸದಾಗಿ ಬೆಳೆದ ಕೋಶಗಳಲ್ಲಿ ಕೆರಾಸ್ ಕೆಟ್ಟಿತ್ತು. ಔಷಧ ಶುರು ಮಾಡೋ ಮೊದಲೇ ಅಂಥ ಕೆಲವು ಕೋಶಗಳು ಅಲ್ಲಿದ್ದವು ಅಂತ ಲೆಕ್ಕ ಹೇಳಿತು. ಮೆಕ್ಕೆಜೋಳದ ಹುಳುವಿನ ಕಥೆಯೇ.

ರಾಬರ್ಟ್ ಗೇಟನ್‌ಬಿ ಅನ್ನೋ ಅಮೆರಿಕದ ವೈದ್ಯರು 2009ರಲ್ಲಿ ಇದೇ ಮಾತನ್ನ ಆಡಿದ್ರು. ಕೀಟ ನಿಯಂತ್ರಣದಲ್ಲಿ ರೈತರು ಕಲಿತದ್ದನ್ನ ಕ್ಯಾನ್ಸರ್ ವೈದ್ಯರೂ ಕಲೀಬೇಕು, ಎಲ್ಲವನ್ನೂ ಒಂದೇ ಏಟಿಗೆ ಕೊಲ್ಲೋಕೆ ಹೋಗಿ ಗಟ್ಟಿ ಕೋಶಗಳಿಗೆ ಜಾಗ ಮಾಡಿಕೊಡಬಾರದು ಅಂತ. ಆ ದಾರಿಯಲ್ಲಿ ಪ್ರಯೋಗಗಳು ನಡೀತಿವೆ. ಕೆಲವು ಕಡೆ ಬಹಳ ಒಳ್ಳೇ ಸುದ್ದಿಯೂ ಇದೆ. ಲಿಂಚ್ ಥರ ತಿದ್ದೋ ವ್ಯವಸ್ಥೆ ಕೆಟ್ಟ ಗಡ್ಡೆಗಳಲ್ಲಿ ತಪ್ಪುಗಳು ಎಷ್ಟಿರ್ತವೆ ಅಂದ್ರೆ, ನಮ್ಮ ರೋಗನಿರೋಧಕ ಶಕ್ತಿಗೆ ಅವನ್ನ ಗುರುತು ಹಿಡಿಯೋದು ಸುಲಭ. 2022ರಲ್ಲಿ ನ್ಯೂಯಾರ್ಕಿನಲ್ಲಿ ಗುದನಾಳದ ಇಂಥ ಕ್ಯಾನ್ಸರ್ ಇದ್ದ ಮೊದಲ 12 ರೋಗಿಗಳಿಗೆ ಡೋಸ್ಟಾರ್ಲಿಮ್ಯಾಬ್ ಅನ್ನೋ ಇಮ್ಯುನೋಥೆರಪಿ ಔಷಧ ಮಾತ್ರ ಕೊಟ್ಟರು. 12 ಜನರಲ್ಲೂ ಗಡ್ಡೆ ಕಾಣದಂತೆ ಹೋಯಿತು. ಈ ಥರದ ಗಡ್ಡೆ ಇರೋರು ಕಡಿಮೆ, ಔಷಧವೂ ದುಬಾರಿ. ಆದರೂ ದಾರಿ ಇದೆ ಅಂತ ಗೊತ್ತಾಯಿತು.

ಆದರೆ ಲೆಕ್ಕ ಸರಳವಾಗಿದೆ. ಗಡ್ಡೆ ಚಿಕ್ಕದಿದ್ದಷ್ಟೂ ಅದರಲ್ಲಿ ಕವಲು ಕಡಿಮೆ, ಔಷಧಕ್ಕೆ ಜಗ್ಗದ ಕೋಶ ಇರೋ ಸಾಧ್ಯತೆ ಕಡಿಮೆ. ಅಮೆರಿಕದ ಅಂಕಿಅಂಶದಲ್ಲಿ, ಕರುಳಿನಲ್ಲೇ ಇರೋವಾಗ ಸಿಕ್ಕಿಬಿದ್ದರೆ 10ರಲ್ಲಿ 9 ಜನ 5 ವರ್ಷದ ನಂತರವೂ ಬದುಕಿರ್ತಾರೆ. ಯಕೃತ್ತು, ಶ್ವಾಸಕೋಶಕ್ಕೆ ಹರಡಿದ ಮೇಲೆ ಸಿಕ್ಕರೆ 10ರಲ್ಲಿ ಒಬ್ಬರೋ ಇಬ್ಬರೋ.

ಈಗ ಏನು ಮಾಡೋದು?

ಮೂರನೇ ಪ್ರಶ್ನೆ ಇದು. ರಿಪೋರ್ಟ್ ಬಂದ ಮೇಲೆ ಕೇಳೋದಕ್ಕಿಂತ ಮೊದಲೇ ಕೇಳೋದು ಒಳ್ಳೇದು. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಇದೆ. ಕರುಳಿಗೆ ಅಂಥದ್ದಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಇದನ್ನ ಕೇಳಲ್ಲ. ಹಾಗಾಗಿ ನಾವೇ ಎಚ್ಚರ ಇರಬೇಕು.

ಮೊದಲನೇದು, ರಕ್ತ. ಮಲದಲ್ಲಿ ರಕ್ತ ಕಂಡ ತಕ್ಷಣ ನಮ್ಮೂರುಗಳಲ್ಲಿ ಎಲ್ಲರ ಬಾಯಲ್ಲೂ ಬರೋ ಮಾತು ‘ಪೈಲ್ಸ್ ಐತಿ, ಉಷ್ಣ ಆಗೈತಿ, ಮಜ್ಜಿಗೆ ಕುಡಿ’. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಆಗಿರುತ್ತೆ, ನಿಜ. ಆದರೆ ಗುದನಾಳದ ಗಡ್ಡೆಯ ರಕ್ತವೂ ಅದೇ ಕೆಂಪು. ಬಣ್ಣ ನೋಡಿ ಯಾರೂ ಹೇಳೋಕಾಗಲ್ಲ, ನಾನೂ ಸೇರಿ. ಮೂಲವ್ಯಾಧಿ ಇರೋರಿಗೇ ಅದರ ಮೇಲ್ಭಾಗದಲ್ಲಿ ಗಡ್ಡೆಯೂ ಇರಬಹುದು. ಬೋರ್ಡ್ ಹಾಕಿಕೊಂಡು ‘ಆಪರೇಷನ್ ಇಲ್ಲದೆ ಪೈಲ್ಸ್ ಗುಣ’ ಅನ್ನೋರ ಹತ್ತಿರ ಆರು ತಿಂಗಳು, ಗಿಡಮೂಲಿಕೆಯವರ ಹತ್ತಿರ ಆರು ತಿಂಗಳು ಅಂತ ಅಲೆದರೆ, ಹತ್ತು ವರ್ಷ ಕಾದ ಕಾಯಿಲೆ ಆ ಕೊನೇ ವರ್ಷದಲ್ಲೇ ಗೋಡೆ ದಾಟಿಬಿಡಬಹುದು. ನೋಡದೆ ಪೈಲ್ಸ್ ಅಂದವರ ಔಷಧ ತಗೋಬೇಡಿ. ಇದೊಂದು ನಿಯಮ ಇಟ್ಟುಕೊಳ್ಳಿ.

ನೋಡೋದು ಅಂದ್ರೆ ಹೇಗೆ? ಎಂಬಿಬಿಎಸ್ ಡಾಕ್ಟರು ಗ್ಲೌಸ್ ಹಾಕಿ ಬೆರಳಿನಿಂದ ಮಾಡೋ ಪರೀಕ್ಷೆ. ಒಂದು ನಿಮಿಷದ ಕೆಲಸ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಆಗುತ್ತೆ. ನಮ್ಮಲ್ಲಿ ಗುದನಾಳದ ಕ್ಯಾನ್ಸರ್‌ಗಳ ಪಾಲು ದೊಡ್ಡದು, ಅದರಲ್ಲಿ ಎಷ್ಟೋ ಬೆರಳಿಗೆ ಸಿಗ್ತವೆ. ನಾಚಿಕೆ ಆಗುತ್ತೆ, ಗೊತ್ತು. ಅದರಲ್ಲೂ ಹೆಣ್ಣುಮಕ್ಕಳು ಗಂಡನಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡಿರ್ತಾರೆ. ಅವ್ವಂದಿರೇ, ಅಕ್ಕಂದಿರೇ, ಲೇಡಿ ಡಾಕ್ಟರು ಬೇಕು ಅಂತ ಕೇಳಿ. ಜೊತೆಗೆ ಒಬ್ಬರನ್ನು ಕರ್ಕೊಂಡು ಹೋಗಿ. ಆದರೆ ಹೋಗಿ.

ಎರಡನೇದು, ರಕ್ತಹೀನತೆ. ಬಲಭಾಗದ ಕರುಳಿನ ಗಡ್ಡೆ ಕಣ್ಣಿಗೆ ಕಾಣದ ಹಾಗೆ ರಕ್ತ ಸುರಿಸುತ್ತೆ. ಗದ್ದೆ ಕೆಲಸ ಮಾಡ್ತಿದ್ದ 50ರ ಗಂಡಸಿಗೆ ಏದುಸಿರು, ಸುಸ್ತು, ಹಿಮೋಗ್ಲೋಬಿನ್ 7 ಅಂತ ಬಂದರೆ ಐರನ್ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಾರಣವಿಲ್ಲದೆ ರಕ್ತ ಕಡಿಮೆಯಾದ್ರೆ ‘ಎಲ್ಲಿಂದ ಹೋಗ್ತಿದೆ?’ ಅಂತ ಹುಡುಕಲೇಬೇಕು.

ಮೂರನೇದು, ಅಭ್ಯಾಸದಲ್ಲಿ ಬದಲಾವಣೆ. ಮೂರು ವಾರಕ್ಕಿಂತ ಹೆಚ್ಚು ದಿನ ಒಮ್ಮೆ ಭೇದಿ, ಒಮ್ಮೆ ಮಲಬದ್ಧತೆ, ಹೋಗಿ ಬಂದರೂ ಪೂರ್ತಿ ಆಗಿಲ್ಲ ಅನಿಸೋದು, ಕಾರಣವಿಲ್ಲದೆ ತೂಕ ಇಳಿಯೋದು.

ಇವುಗಳಲ್ಲಿ ಯಾವುದಿದ್ದರೂ ಕೊಲೊನೋಸ್ಕೋಪಿ ಬೇಕೋ ಅಂತ ಕೇಳಿ. ಕ್ಯಾಮೆರಾ ಇರೋ ಕೊಳವೆಯಿಂದ ಇಡೀ ದೊಡ್ಡ ಕರುಳು ನೋಡೋ ಪರೀಕ್ಷೆ ಇದು. ತಾಲ್ಲೂಕು ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇರಲ್ಲ, ದಾವಣಗೆರೆಗೋ ಶಿವಮೊಗ್ಗಕ್ಕೋ ಬರಬೇಕು. ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ, ಜಗಳೂರಿನವರಿಗೆ ದಾವಣಗೆರೆ. ಹಿಂದಿನ ದಿನ ಹೊಟ್ಟೆ ಖಾಲಿ ಮಾಡೋ ಔಷಧ ಕುಡೀಬೇಕು, ಆ ರಾತ್ರಿ ಸ್ವಲ್ಪ ಕಷ್ಟ. ಇದರ ದೊಡ್ಡ ಲಾಭ ಏನಂದ್ರೆ ಪಾಲಿಪ್ ಸಿಕ್ಕರೆ ಅಲ್ಲೇ ತಂತಿ ಕುಣಿಕೆ ಹಾಕಿ ತೆಗೆದುಬಿಡ್ತಾರೆ. ಹೊಟ್ಟೆ ಕೊಯ್ಯೋ ಹಾಗಿಲ್ಲ. ಕ್ಯಾನ್ಸರ್ ಆಗೋ ಮೊದಲೇ ಕ್ಯಾನ್ಸರ್ ತೆಗೆಯೋ ಅವಕಾಶ ದೇಹದ ಬೇರೆ ಭಾಗಗಳಲ್ಲಿ ಇಷ್ಟು ಸುಲಭವಾಗಿ ಸಿಗಲ್ಲ.

ನಾಲ್ಕನೇದು, ಮನೆಯವರು. ಅಪ್ಪ, ಅಮ್ಮ, ಅಣ್ಣ, ತಂಗಿ ಇವರಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ, ಏನೂ ತೊಂದರೆ ಇಲ್ಲದಿದ್ದರೂ 40ನೇ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸೋ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ. ಅಪ್ಪನಿಗೆ 46ಕ್ಕೆ ಬಂದಿದ್ದರೆ ಮಗನಿಗೆ 36ಕ್ಕೆ. ಆ ಹತ್ತು ವರ್ಷದ ಲೆಕ್ಕ ಎಲ್ಲಿಂದ ಬಂತು ಅಂತ ಈಗ ನಿಮಗೇ ಗೊತ್ತು.

ಖರ್ಚಿನ ಚಿಂತೆಯಿಂದ ಸುಮ್ಮನಾಗಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಕ್ಯಾನ್ಸರ್ ಕೂಡ ಅದರಲ್ಲಿ ಸೇರುತ್ತೆ. ರೇಷನ್ ಕಾರ್ಡ್, ಆಧಾರ್ ಎರಡನ್ನೂ ಇಟ್ಟುಕೊಂಡು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ ಕೇಳಿ. ದೊಡ್ಡ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆ ಇದೆ.

ನನ್ನ ಹತ್ತಿರ ಬರೋ ಬಾಟಲಿಗಳು ಎರಡು ಥರ. ಒಂದರಲ್ಲಿ ಗಡ್ಡೆಯ ಚೂರು ಇರುತ್ತೆ, ಇನ್ನೊಂದರಲ್ಲಿ ಇಡಿಯಾಗಿ ತೆಗೆದ ಪಾಲಿಪ್. ಪಾಲಿಪ್ ಇದ್ದಾಗ ‘ಪೂರ್ತಿ ತೆಗೆಯಲಾಗಿದೆ, ಕ್ಯಾನ್ಸರ್ ಇಲ್ಲ’ ಅಂತ ಬರೀತೀನಿ. ನಾಲ್ಕು ತಾಲ್ಲೂಕಿನಿಂದ ಆ ಎರಡನೇ ಥರದ ಬಾಟಲಿಗಳು ಜಾಸ್ತಿ ಬರಲಿ ಅನ್ನೋದೇ ನನ್ನ ಆಸೆ. ಈ ಮಾತನ್ನ ನಿಮ್ಮ ಮನೆಯಲ್ಲಿ ‘ಬರೀ ಪೈಲ್ಸ್’ ಅಂತ ಸುಮ್ಮನಿರೋ ಒಬ್ಬರಿಗಾದರೂ ಕೇಳಿಸಿ.